ಒಂದು ಕೈಗಡಿಯಾರ ಬಿಡಿಸಿಕೊಂಡ ಕತೆ

ಅಪ್ಪ ಕೊಟ್ಟ ಎಚ್‌ಎಂಟಿ ಜನತಾ ವಾಚು ನಿಂತು ಹೋಗಿತ್ತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ, ಮನೆ ಹತ್ತಿರದ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಚೀಟಿಯಲ್ಲಿ 90 ಡಾಲರ್ ಎಂದು ಬರೆದುಕೊಟ್ಟರು. ಮೂರು ವಾರ ಬಿಟ್ಟು ಹೋದರೆ 240 ಕೇಳಿದರು. ಒಳಗಿನ ಭಾಗ ಎಲ್ಲೂ ಸಿಗಲಿಲ್ಲ, ದೂರದಿಂದ ತರಿಸಬೇಕಾಯಿತಂತೆ. ತರಿಸುವ ಮುಂಚೆ ನನ್ನನ್ನು ಒಂದು ಮಾತು ಕೇಳಿರಲಿಲ್ಲ. 90 ಕೊಡ್ತೀನಿ, ವಾಚು ಕೊಡಿ ಅಂದೆ. ಪೂರ್ತಿ ದುಡ್ಡು ಬಂದರೆ ಮಾತ್ರ ವಾಚು ಅಂದರು.

ನಾನು ಮೈಸೂರಿನಲ್ಲಿ ಎಲ್‌ಎಲ್‌ಬಿ ಮಾಡಿ ಎರಡು ವರ್ಷ ಕರಿಕೋಟು ಹಾಕಿದವಳು. ಇಲ್ಲಿ ವಕೀಲಿ ಮಾಡಲು ಲೈಸೆನ್ಸ್ ಇಲ್ಲ. ಓದಿದ ಕಾನೂನೆಲ್ಲ ತಲೆಯಲ್ಲಿತ್ತು, ಆದರೆ ಸಿಟ್ಟಿನಲ್ಲಿ ಮೊದಲು ಮಾಡಿದ್ದು ಪೊಲೀಸರಿಗೆ ಫೋನು. 'ಇದು ಸಿವಿಲ್ ವಿಷಯ' ಎಂದು ಅವರು ನಯವಾಗಿ ಕೈತೊಳೆದುಕೊಂಡರು. ಆಮೇಲೆ ಅಂಗಡಿಯವರ ಮುಂದೆ ಸಂವಿಧಾನದ ಭಾಷಣ ಬೇರೆ ಮಾಡಿದೆ. ಕಾನೂನು ಓದಿದವಳು ಆಡುವ ಮಾತೇ ಅಲ್ಲ ಅದು! ಅಮೆರಿಕದ ಐದನೇ ತಿದ್ದುಪಡಿ ಕೇಂದ್ರ ಸರ್ಕಾರವನ್ನು ಕಟ್ಟಿಹಾಕುತ್ತದೆ, 1868ರ ಹದಿನಾಲ್ಕನೆಯದು ರಾಜ್ಯಗಳನ್ನು. ಸರಿಯಾದ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಿತ್ತುಕೊಳ್ಳಬಾರದು ಎನ್ನುವ ಮಾತು ಎರಡರಲ್ಲೂ ಇದೆ. ಅದು ಸರ್ಕಾರಕ್ಕೆ ಹೇಳಿದ ಮಾತು. ವಾಚು ರಿಪೇರಿಯವರು ಸರ್ಕಾರ ಅಲ್ವಲ್ಲ.

ರಾತ್ರಿ ಕೂತು ಸಮಾಧಾನವಾಗಿ ಯೋಚಿಸಿದೆ. ವಾಚು ನನ್ನದು, ಇರುವುದು ಅವರ ಕೈಯಲ್ಲಿ. ಒಡೆತನ ಒಬ್ಬರದು, ವಶ ಇನ್ನೊಬ್ಬರದು. ಇದಕ್ಕೆ ಬೈಲ್‌ಮೆಂಟ್ ಎನ್ನುತ್ತಾರೆ. ನಮ್ಮ 1872ರ ಕಾಂಟ್ರ್ಯಾಕ್ಟ್ ಆಕ್ಟಿನ 148ನೇ ಸೆಕ್ಷನ್ನಿನಲ್ಲೂ ಇದೇ ಪದ. ಅದೇ ಆಕ್ಟಿನ 170ನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಬರುತ್ತದೆ. ಒರಟು ವಜ್ರವನ್ನು ಕತ್ತರಿಸಿ ಪಾಲಿಶ್ ಮಾಡಲು ಕೊಟ್ಟರೆ, ಕೂಲಿ ಸಿಗುವವರೆಗೂ ಒಡವೆ ಕೆಲಸದವನು ಅದನ್ನು ಇಟ್ಟುಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲೂ ರಿಪೇರಿ ಮಾಡಿದವರಿಗೆ ಈ ಲೀನ್ ಹಕ್ಕು ಇದೆ. ಅಂದರೆ ಅಂಗಡಿಯವರು ವಾಚು ಹಿಡಿದಿಟ್ಟಿದ್ದು ಪೂರ್ತಿ ದಬ್ಬಾಳಿಕೆ ಏನಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಜಗಳ ಇದ್ದದ್ದು ಆ ಹಕ್ಕು ಎಷ್ಟು ದುಡ್ಡಿಗೆ ಎನ್ನುವುದರಲ್ಲಿ. ಒಪ್ಪಿದ ಕೂಲಿಗೆ ಹಿಡಿದಿಡಬಹುದು, ಒಪ್ಪದ 150 ಡಾಲರಿಗಲ್ಲ. ಒಪ್ಪಿದ ಹಣವನ್ನು ನಾನು ಕೊಡಲು ಮುಂದಾದರೆ ಹಿಡಿದಿಡಲು ಕಾರಣವೇ ಉಳಿಯುವುದಿಲ್ಲ.

ಹಾಗಾಗಿ ಬಾಯಿಮಾತು ಬಿಟ್ಟು ಕಾಗದ ಬರೆದೆ. ಚೀಟಿಯ ನಕಲು ಇಟ್ಟು, 90 ಡಾಲರ್ ಕೊಡಲು ಸಿದ್ಧಳಿದ್ದೇನೆ, ಹತ್ತು ದಿನದಲ್ಲಿ ವಾಚು ಕೊಡಿ ಎಂದು ಸರ್ಟಿಫೈಡ್ ಪೋಸ್ಟಿನಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಈ ಕಾಗದ ಸುಮ್ನೆ ಹೋಗಲಿಲ್ಲ. ಸಣ್ಣ ಮೊತ್ತದ ಜಗಳಗಳನ್ನು ಕೇಳುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಕೇಸು ಹಾಕಲು ತುಂಬುವ ಎಸ್‌ಸಿ-100 ಫಾರಮ್ಮಿನಲ್ಲಿ, ಕೇಸು ಹಾಕುವ ಮೊದಲು ನೀವೇ ಕೇಳಿದ್ದೀರಾ ಎಂಬ ಪ್ರಶ್ನೆಯೇ ಇದೆ.

ಈ ಕೋರ್ಟು ನನಗೆ ಹೇಳಿ ಮಾಡಿಸಿದ ಹಾಗಿತ್ತು. ಅಲ್ಲಿ ಕಕ್ಷಿದಾರರ ಪರ ವಕೀಲರು ನಿಲ್ಲುವಂತಿಲ್ಲ. ಎಲ್ಲರೂ ತಮ್ಮ ಕತೆ ತಾವೇ ಹೇಳಬೇಕು. 1,500 ಡಾಲರ್‌ವರೆಗಿನ ಕೇಸಿಗೆ ನಾನು ಕಟ್ಟಿದ ಫೀಸು 30 ಡಾಲರ್. ಪ್ರತಿ ಕೌಂಟಿಯಲ್ಲೂ ಪುಕ್ಕಟೆ ಸಲಹೆಗಾರರು ಇರುತ್ತಾರೆ. ಅವರಿಂದ ಗೊತ್ತಾದ ಮುಖ್ಯ ಸಂಗತಿ ಎಂದರೆ, ಈ ಕೋರ್ಟು ದುಡ್ಡು ಕೊಡಿಸುವುದಷ್ಟೇ ಅಲ್ಲ, ವಸ್ತುವನ್ನೇ ವಾಪಸ್ ಕೊಡಿ ಎಂದೂ ಹೇಳಬಹುದು. ನನಗೆ ಅದೇ ಬೇಕಿತ್ತು. ಆ ವಾಚಿಗೆ ಬೆಲೆ ಕಟ್ಟಿದರೆ ಕೋರ್ಟ್ ಫೀಸೂ ಹುಟ್ಟುತ್ತಿರಲಿಲ್ಲವೇನೋ.

ವಿಚಾರಣೆಗೆ ಆರು ವಾರದಾಚೆಯ ದಿನ ಸಿಕ್ಕಿತು. ಅಲ್ಲಿಯವರೆಗೆ ಅಂಗಡಿಯವರು ವಾಚನ್ನು ಮಾರಿಬಿಟ್ಟರೆ? ಕೋರ್ಟಿನ ಆದೇಶ ಜಾರಿ ಮಾಡುವ ಕೌಂಟಿ ಅಧಿಕಾರಿ ಶೆರಿಫ್ ಈಗಲೇ ಹೋಗಿ ತರಲಾಗದೇ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಸುಪ್ರೀಂ ಕೋರ್ಟಿನ 1972ರ ತೀರ್ಪು, ಫುಯೆಂಟೆಸ್ ವರ್ಸಸ್ ಶೆವಿನ್.

ಮಾರ್ಗರೀಟಾ ಫುಯೆಂಟೆಸ್ ಫ್ಲಾರಿಡಾದವರು. ಕಂತಿನ ಮೇಲೆ ಫೈರ್‌ಸ್ಟೋನ್ ಕಂಪನಿಯಿಂದ ಒಂದು ಗ್ಯಾಸ್ ಸ್ಟೌ, ಒಂದು ಸ್ಟೀರಿಯೊ ಕೊಂಡಿದ್ದರು. ವರ್ಷಕ್ಕಿಂತ ಜಾಸ್ತಿ ಕಂತು ಕಟ್ಟಿ ಸುಮಾರು 200 ಡಾಲರ್ ಉಳಿದಿದ್ದಾಗ ಸ್ಟೌ ರಿಪೇರಿಯ ಬಗ್ಗೆ ತಕರಾರು ಎದ್ದಿತು. ಕಂಪನಿ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಯಿತು. ಫಾರಂ ತುಂಬಿ ಗುಮಾಸ್ತರಿಂದ ಆದೇಶ ಬರೆಸಿಕೊಂಡಿತು. ಆಕೆಗೆ ಕೇಸಿನ ನೋಟಿಸು ಮುಟ್ಟುವ ಮೊದಲೇ ಶೆರಿಫ್ ಕಡೆಯವರು ಬಂದು ಸ್ಟೌ, ಸ್ಟೀರಿಯೊ ಎರಡನ್ನೂ ಹೊತ್ತೊಯ್ದರು. ಇದೇ ಕೇಸಿನ ಜೊತೆ ಪೆನ್ಸಿಲ್ವೇನಿಯಾದ ಒಂದು ದೂರೂ ಇತ್ತು. ಅಲ್ಲಿ ದೂರು ಕೊಟ್ಟಾಕೆಯ ಗಂಡನಾಗಿದ್ದವನು ಡೆಪ್ಯುಟಿ ಶೆರಿಫ್. ಈ ಫಾರಮ್ಮುಗಳೆಲ್ಲ ಅವನಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಮಗು ಯಾರ ಹತ್ತಿರ ಇರಬೇಕು ಎಂಬ ಜಗಳದಲ್ಲಿ, ಮಗುವಿನ ಬಟ್ಟೆ, ಆಟದ ಸಾಮಾನು ಜಪ್ತಿಗೆ ಆದೇಶ ತಂದಿದ್ದ!

ಸುಪ್ರೀಂ ಕೋರ್ಟು 4-3ರಲ್ಲಿ ಫುಯೆಂಟೆಸ್ ಪರ ತೀರ್ಪು ಕೊಟ್ಟಿತು. ಬರೆದವರು ಪಾಟರ್ ಸ್ಟೀವರ್ಟ್. ಪೂರ್ತಿ ಒಡೆತನ ಆಕೆಯದಲ್ಲದಿದ್ದರೂ ವಸ್ತು ಕೈಯಲ್ಲಿತ್ತಲ್ಲ, ಆ ವಶಕ್ಕೂ ಹದಿನಾಲ್ಕನೇ ತಿದ್ದುಪಡಿಯ ರಕ್ಷಣೆ ಇದೆ. ಕಿತ್ತುಕೊಳ್ಳುವ ಮೊದಲು ನೋಟಿಸು ಕೊಡಬೇಕು, ಮಾತು ಕೇಳಬೇಕು. ಎರಡು ವರ್ಷದ ನಂತರ ಇನ್ನೊಂದು ತೀರ್ಪು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು, ಅದಿರಲಿ. ಅಂಗಡಿಯವರ ಕೈಗೆ ಇದು ತಾಗದು, ಆದರೆ ನನ್ನ ಪರವಾಗಿ ಶೆರಿಫ್ ಹೋದರೆ ಆ ಕೈ ಸರ್ಕಾರದ್ದು. ನಾನು ಅಂಗಡಿಯವರ ಮುಂದೆ ಹೇಳಿದ ಸಂವಿಧಾನ ಈಗ ಅವರ ಪರ ನಿಂತಿತ್ತು. ಓದಿ ನಕ್ಕುಬಿಟ್ಟೆ.

ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್ ಕೂಡ ನೆನಪಾದರು. ನಮ್ಮ ಸಂವಿಧಾನದ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಬಂದು ಅಲ್ಲಿನ ಸುಪ್ರೀಂ ಕೋರ್ಟಿನ ಜಸ್ಟಿಸ್ ಫ್ರಾಂಕ್‌ಫರ್ಟರ್ ಜೊತೆ 'ಸರಿಯಾದ ಕ್ರಮ' (ಡ್ಯೂ ಪ್ರೊಸೆಸ್) ಎನ್ನುವ ಇದೇ ಪದಗಳ ಬಗ್ಗೆ ಮಾತಾಡಿದ್ದರು. ಇದು ನ್ಯಾಯಾಧೀಶರ ಕೈಗೆ ತುಂಬಾ ಅಧಿಕಾರ ಕೊಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಕೊನೆಗೆ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಅದರ ಬದಲು ಕೂತಿದ್ದು 'ಕಾನೂನು ಗೊತ್ತುಪಡಿಸಿದ ಕ್ರಮ'. ಪರೀಕ್ಷೆಗೆ ಉರು ಹೊಡೆದ ಈ ವ್ಯತ್ಯಾಸ, ಒಂದು ವಾಚಿನ ನೆಪದಲ್ಲಿ ಅರ್ಥವಾಗುತ್ತದೆ ಎಂದುಕೊಂಡಿರಲಿಲ್ಲ.

ಅಂಗಡಿಯವರಿಗೆ ಕೇಸಿನ ನೋಟಿಸನ್ನು ನಾನೇ ಕೊಡುವಂತಿಲ್ಲ, ಕೇಸಿನಲ್ಲಿಲ್ಲದ ವಯಸ್ಕರು ಕೊಡಬೇಕು. ಪಕ್ಕದ ಮನೆಯವರು ಕೊಟ್ಟು ಬಂದರು.

ವಿಚಾರಣೆ ಹತ್ತೇ ನಿಮಿಷ. ಅಂಗಡಿಯವರು ಭಾಗಗಳ ಬಿಲ್ಲು ತೋರಿಸಿದರು, ಸುಳ್ಳೇನೂ ಹೇಳಲಿಲ್ಲ. ನಾನು ಚೀಟಿ, ಕಾಗದ, ಪೋಸ್ಟಿನ ರಸೀದಿ ಇಟ್ಟೆ. ಹೆಚ್ಚಿನ ಖರ್ಚಿಗೆ ಇವರ ಒಪ್ಪಿಗೆ ಪಡೆದಿರಾ ಎಂದು ಒಂದೇ ಪ್ರಶ್ನೆ ಬಂತು. ಉತ್ತರ ಬರಲಿಲ್ಲ. ಸೋತರೆ ನನಗೆ ಅಪೀಲೂ ಇರಲಿಲ್ಲ, ಕೇಸು ಹಾಕಿದವರಿಗೆ ಈ ಕೋರ್ಟಿನಲ್ಲಿ ಅದು ಇಲ್ಲ. ವಾರದ ನಂತರ ಅಂಚೆಯಲ್ಲಿ ತೀರ್ಪು ಬಂತು: 90 ಡಾಲರ್ ಪಡೆದು ವಾಚು ಕೊಡಿ.

ವಾಚು ಬಂತು, ಓಡುತ್ತಿದೆ. ಬೆಲ್ಟು ಮಾತ್ರ ಅಪ್ಪನದಲ್ಲ. ಲಾ ಕಾಲೇಜುಗಳಲ್ಲಿ ಓದಿಸುವ 1722ರ ಒಂದು ಇಂಗ್ಲಿಷ್ ಕೇಸಿದೆ. ಚಿಮಣಿ ಗುಡಿಸುವ ಹುಡುಗನಿಗೆ ಸಿಕ್ಕ ಒಡವೆಯ ಕಲ್ಲನ್ನು ಅಕ್ಕಸಾಲಿಗನ ಅಂಗಡಿಯಲ್ಲಿ ತೆಗೆದುಬಿಟ್ಟಿದ್ದರು. ಕಲ್ಲು ತೋರಿಸದಿದ್ದರೆ ಅದು ಅತ್ಯುತ್ತಮ ಕಲ್ಲೆಂದೇ ಲೆಕ್ಕ ಹಾಕಿ ಪರಿಹಾರ ಕೊಡಿಸಿ ಅಂದಿತ್ತು ಕೋರ್ಟು. ಅದೇ ಲೆಕ್ಕದಲ್ಲಿ ನನ್ನ ಬೆಲ್ಟಿಗೂ ಕೇಳಬಹುದಿತ್ತು. ಆದರೆ ಅಪ್ಪನ ಬೆಲ್ಟು ಎರಡು ಕಡೆ ಹೊಲಿಗೆ ಬಿಟ್ಟಿತ್ತು, ಹೊಸದು ಚೆನ್ನಾಗಿದೆ. ಸುಮ್ಮನಾದೆ.