ನಾಲ್ಕು ಕಂಪ್ಯೂಟರಿನ ಕೆಲಸ ಒಂದೇ ಸರ್ವರ್‌ಗೆ: ಡಿಸ್ಕ್ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

ಟ್ಯಾಲಿಗೆ ಒಂದು ಕಂಪ್ಯೂಟರ್. ಡ್ರಾಯಿಂಗ್ ಫೈಲುಗಳಿಗೆ ಇನ್ನೊಂದು. ಹಾಜರಾತಿ ಯಂತ್ರಕ್ಕೆ ಮತ್ತೊಂದು. ಹಳೆ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ ಅಂತ ಯಾರೂ ಮುಟ್ಟದ ನಾಲ್ಕನೆಯದು. ಸಣ್ಣ ಕಾರ್ಖಾನೆ, ಹೋಲ್‌ಸೇಲ್ ಅಂಗಡಿಗಳಿಗೆ ಹೋದಾಗೆಲ್ಲ ನನಗೆ ಕಾಣುವುದು ಇದೇ. ನಾಲ್ಕೂ ಹಗಲು ರಾತ್ರಿ ಓಡುತ್ತಿರುತ್ತವೆ. ಒಂದೊಂದು 100 ವಾಟ್ ಎಳೆದರೂ ತಿಂಗಳಿಗೆ 288 ಯೂನಿಟ್ ಕರೆಂಟು. ಇವನ್ನೆಲ್ಲ ಒಂದೇ ಸರ್ವರ್‌ಗೆ ತರಬಹುದು, ಅದಕ್ಕೆ ಜಾಸ್ತಿ ದುಡ್ಡೂ ಬೇಡ. ಆದರೆ ಜನ ಎಡವುವುದು ಸ್ಟೋರೇಜ್‌ನಲ್ಲಿ. ಡಿಸ್ಕ್ ಮೊದಲು ಕೊಳ್ಳುತ್ತಾರೆ, ಲೆಕ್ಕ ಆಮೇಲೆ ಹಾಕುತ್ತಾರೆ.

ಮೊದಲು ಅಳೆಯಿರಿ. ಒಂದು ವಾರ ಪ್ರತಿ ಯಂತ್ರದ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಬಳಕೆ ಬರೆದಿಡಿ. ತಿಂಗಳ ಕೊನೆಯ ವಾರವೇ ಆಗಲಿ, ಆಗಲೇ ಅಕೌಂಟ್ಸ್‌ನವರ ಕೆಲಸ ಜೋರು. ಬಳಕೆಯ ರ‍್ಯಾಮ್ ಎಲ್ಲ ಕೂಡಿಸಿ, ಕಾಲು ಭಾಗ ಸೇರಿಸಿ. ಸಣ್ಣ ಸಂಸ್ಥೆಗೆ 64 ಜಿಬಿ ಧಾರಾಳವಾಗಿ ಸಾಕು.

ಒಂದು ಯಂತ್ರವನ್ನು ನಾಲ್ಕಾಗಿ ಮಾಡುವ ಸಾಫ್ಟ್‌ವೇರ್. ಪ್ರಾಕ್ಸ್‌ಮಾಕ್ಸ್ ಹಾಕಿ. ಉಚಿತ, ಓಪನ್ ಸೋರ್ಸ್. ಇದೇ ಬಗೆಯ ಸಾಫ್ಟ್‌ವೇರ್ ಮಾಡುವ ವಿಎಂವೇರ್ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿಯ ಕೈಗೆ ಹೋಯಿತು. ಅಲ್ಲಿಂದೀಚೆಗೆ ಒಮ್ಮೆ ಕೊಂಡು ಸದಾ ಬಳಸುವ ಲೈಸೆನ್ಸ್ ನಿಂತು, ಚಂದಾ ಪದ್ಧತಿ ಮಾತ್ರ ಉಳಿಯಿತು. ಸಣ್ಣವರಿಗೆ ಅದು ಹೊರೆ. ವಿಂಡೋಸ್ ಸರ್ವರ್ 2012 ಆರ್2 ಇನ್ನೂ ಓಡುತ್ತಿದ್ದರೆ ಈಗಲೇ ಬದಲಿಸಿ, ಅದರ ವಿಸ್ತರಿತ ಬೆಂಬಲವೂ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುತ್ತೇವೆ ಅನ್ನುವವರನ್ನು ಬಾಗಿಲಲ್ಲೇ ಕಳಿಸಿ. ಲೆಕ್ಕಪತ್ರ ಇರುವ ಯಂತ್ರಕ್ಕೆ ಅದನ್ನು ತರಲೇಬಾರದು.

ಈಗ ಡಿಸ್ಕ್. ಇಲ್ಲಿ ನಿಧಾನಿಸಿ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಬಿಡಿಭಾಗಗಳ ಕಾರ್ಖಾನೆಗೆ ಕೊಟೇಶನ್ ಬಂದಿತ್ತು. 8 ಟಿಬಿಯ ನಾಲ್ಕು ಡಿಸ್ಕ್, ರೇಡ್ 5 (ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಒಂದರಷ್ಟು ಜಾಗ ಕಾದಿಡುವ ಪದ್ಧತಿ), ಒಟ್ಟು 24 ಟಿಬಿ. ಇಷ್ಟೆಲ್ಲ ಏಕೆ ಅಂತ ಕೇಳಿದೆ. ಸಿಸಿಟಿವಿಯೂ ಇದರಲ್ಲೇ ಇರಲಿ ಅಂತ ಸೇರಿಸಿದ್ದರು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ. ಎಂಟು ಕ್ಯಾಮೆರಾ, 30 ದಿನ ಅಂದರೆ 5 ಟಿಬಿ ದಾಟುತ್ತದೆ. ಅದೂ ಬಿಡುವಿಲ್ಲದ ಬರವಣಿಗೆ. ಆ ಡಿಸ್ಕ್‌ನಲ್ಲೇ ಟ್ಯಾಲಿ ಇಟ್ಟರೆ ವೋಚರ್ ಸೇವ್ ಆಗಲು ಕಾಯಬೇಕಾಗುತ್ತದೆ. ಸಿಸಿಟಿವಿ ಅದರ ರೆಕಾರ್ಡರ್‌ನಲ್ಲೇ ಇರಲಿ.

ಉಳಿದದ್ದು 900 ಜಿಬಿ. ತೆರೆದು ನೋಡಿದರೆ ಒಂದೇ ಡ್ರಾಯಿಂಗ್ ಫೋಲ್ಡರ್ 'ಫೈನಲ್', 'ಫೈನಲ್ ಹೊಸದು', 'ಫೈನಲ್ ಹೊಸದು 2' ಅಂತ ಮೂರು ಕಡೆ ಕೂತಿತ್ತು. ತೆಗೆದ ಮೇಲೆ ನಿಜವಾದ ದತ್ತಾಂಶ 600 ಜಿಬಿ. ವರ್ಷಕ್ಕೆ 150 ಜಿಬಿ ಬೆಳೆಯುತ್ತಿತ್ತು. ಐದು ವರ್ಷಕ್ಕೆ 750 ಸೇರಿಸಿ, 1350. ಸ್ನ್ಯಾಪ್‌ಶಾಟ್‌ಗೆ, ಅಂದರೆ ಆಯಾ ಹೊತ್ತಿನ ಸ್ಥಿತಿಯನ್ನು ಹಿಡಿದಿಡುವುದಕ್ಕೆ, ಶೇ 20 ಕೂಡಿಸಿ, 1620. ಡಿಸ್ಕ್ ಶೇ 80ಕ್ಕಿಂತ ಜಾಸ್ತಿ ತುಂಬಬಾರದು, ಹಾಗಾಗಿ 0.8ರಿಂದ ಭಾಗಿಸಿ. 2025 ಜಿಬಿ ಬಂತು. 2 ಟಿಬಿ ಡಿಸ್ಕ್ ಸಾಕಲ್ವಾ ಅನ್ನಿಸಬಹುದು. ಸಾಲದು. ಡಬ್ಬದ ಮೇಲೆ 2 ಅಂತ ಬರೆದಿದ್ದರೂ ವಿಂಡೋಸ್ ಅದನ್ನು 1.8 ಎಂದೇ ತೋರಿಸುತ್ತದೆ. 4 ಟಿಬಿಯ ಎರಡು ಡಿಸ್ಕ್ ತಂದು, ಒಂದಕ್ಕೊಂದು ಕನ್ನಡಿಯಾಗಿ ಜೋಡಿಸಿದೆವು. ರೇಡ್ 1 ಅಂದರೆ ಅದೇ.

ರೇಡ್ 5 ಏಕೆ ಬೇಡ? ಅಲ್ಲಿ ಒಂದು ಸಣ್ಣ ಬರವಣಿಗೆಗೆ ಡಿಸ್ಕ್‌ಗಳು ನಾಲ್ಕು ಕೆಲಸ ಮಾಡಬೇಕು: ಎರಡು ಓದು, ಎರಡು ಬರಹ. ಕನ್ನಡಿಯಲ್ಲಿ ಎರಡೇ. ಜೊತೆಗೆ 8 ಟಿಬಿ ಡಿಸ್ಕ್ ಒಂದು ಕೆಟ್ಟರೆ ಹೊಸದನ್ನು ತುಂಬಲು, ಸೆಕೆಂಡಿಗೆ 150 ಎಂಬಿ ಸಿಕ್ಕರೂ, 15 ಗಂಟೆ ಬೇಕು. ಆ ಹೊತ್ತಿನಲ್ಲಿ ಇನ್ನೊಂದು ಕೈಕೊಟ್ಟರೆ ಎಲ್ಲವೂ ಹೋಯಿತು. ಒಂದೇ ದಿನ, ಒಂದೇ ಅಂಗಡಿಯಲ್ಲಿ ತಂದ ಡಿಸ್ಕ್‌ಗಳು ಒಂದೇ ಬ್ಯಾಚಿನವಾಗಿರಬಹುದು, ಹತ್ತಿರ ಹತ್ತಿರವೇ ಕೆಡಬಹುದು. ಎರಡು ಅಂಗಡಿಯಲ್ಲಿ ಕೊಳ್ಳಿ.

ಎಸ್‌ಎಂಆರ್ ಡಿಸ್ಕ್ ಅಗ್ಗಕ್ಕೆ ಸಿಗುತ್ತದೆ, ತರಬೇಡಿ. ಅದರ ಟ್ರ್ಯಾಕ್‌ಗಳು ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಹೊದ್ದಿರುತ್ತವೆ. ನಡುವಿನ ಹೆಂಚು ಬದಲಿಸಲು ಸುತ್ತಲಿನವನ್ನೂ ಎತ್ತಬೇಕಲ್ಲ, ಅದೇ ಕಷ್ಟ ಇಲ್ಲೂ. ಟ್ರ್ಯಾಕ್‌ಗಳು ಹೀಗೆ ಹೊದ್ದಿರದ ಬಗೆಯೇ ಸಿಎಂಆರ್. ಸಿಎಂಆರ್ ಅಂತ ಸ್ಪಷ್ಟವಾಗಿ ಬರೆದದ್ದನ್ನೇ ಕೇಳಿ. ಟ್ಯಾಲಿ ಮತ್ತು ಆಪರೇಟಿಂಗ್ ಸಿಸ್ಟಂಗಳಿಗೆ ಬೇರೆ ಜೋಡಿ ಎಸ್‌ಎಸ್‌ಡಿ ಇರಲಿ. ಕರೆಂಟು ಹೋದಾಗ ದತ್ತಾಂಶ ಕಾಯುವ ಕೆಪಾಸಿಟರ್ ಇರುವಂಥದ್ದೇ ಆಗಬೇಕು.

ಸರ್ವರ್ ಪೆಟ್ಟಿಗೆ ರೀಫರ್ಬಿಶ್ಡ್ ಆದರೂ ನಡೆಯುತ್ತದೆ. ನಾನೇ ಹಾಗೆ ಕೊಡಿಸುತ್ತೇನೆ. ಆದರೆ ಡಿಸ್ಕ್ ಮತ್ತು ಯುಪಿಎಸ್ ಬ್ಯಾಟರಿ ಹೊಸದೇ ಬೇಕು.

ಸಾಗಿಸುವುದು. ಮೈಕ್ರೋಸಾಫ್ಟ್‌ನ ಡಿಸ್ಕ್2ವಿಎಚ್‌ಡಿ ಉಚಿತ, ಓಡುತ್ತಿರುವ ವಿಂಡೋಸ್ ಯಂತ್ರವನ್ನೇ ಒಂದು ಫೈಲ್ ಮಾಡಿಕೊಡುತ್ತದೆ. ಅದನ್ನು ಪ್ರಾಕ್ಸ್‌ಮಾಕ್ಸ್‌ಗೆ ತಂದು ನೇರ ವರ್ಟ್‌ಐಒ (ವರ್ಚುವಲ್ ಯಂತ್ರಕ್ಕೆಂದೇ ಇರುವ ವೇಗದ ಸಂಪರ್ಕ) ಡಿಸ್ಕ್ ಆಗಿ ಕೊಟ್ಟರೆ, ವಿಂಡೋಸ್‌ನಲ್ಲಿ ಅದರ ಡ್ರೈವರ್ ಇಲ್ಲದ್ದರಿಂದ ನೀಲಿ ಪರದೆ ಬರುತ್ತದೆ. ಮೊದಲು ಸಾಟಾ, ಅಂದರೆ ಮಾಮೂಲಿ ಡಿಸ್ಕ್ ಸಂಪರ್ಕ, ಅಂತ ಕೊಟ್ಟು ಬೂಟ್ ಮಾಡಿ. ಜೊತೆಗೆ 1 ಜಿಬಿಯ ಪುಟ್ಟ ವರ್ಟ್‌ಐಒ ಡಿಸ್ಕ್ ಸೇರಿಸಿ ಡ್ರೈವರ್ ಹಾಕಿ. ಆಮೇಲೆ ಮುಖ್ಯ ಡಿಸ್ಕನ್ನೂ ಸಾಟಾದಿಂದ ವರ್ಟ್‌ಐಒಗೆ ಬದಲಿಸಿ. ಟ್ಯಾಲಿ ಲೈಸೆನ್ಸನ್ನು ಹಳೆ ಯಂತ್ರದಲ್ಲಿ ಸರೆಂಡರ್ ಮಾಡಿಯೇ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಿ. ಇದನ್ನು ಮರೆತು ಸೋಮವಾರ ಬೆಳಿಗ್ಗೆ ಬಿಲ್ ಹೊಡೆಯಲಾಗದೆ ಕೂತವರನ್ನು ನೋಡಿದ್ದೇನೆ.

ಬ್ಯಾಕಪ್. ರೇಡ್ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ ಫೈಲ್ ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಹೋಗುತ್ತದೆ. ಖಾಲಿಯಾದ ನಾಲ್ಕರಲ್ಲಿ ಗಟ್ಟಿ ಇರುವ ಒಂದಕ್ಕೆ ಹೊಸ ಡಿಸ್ಕ್ ಹಾಕಿ, ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಮಾಡಿ, ಬೇರೆ ಕೋಣೆಯಲ್ಲಿಡಿ. ಅದರ ಪಾಸ್‌ವರ್ಡ್ ಬೇರೆಯೇ ಇರಲಿ. ಆಫೀಸಿನ ಎಲ್ಲ ಕಂಪ್ಯೂಟರಿಗೂ ಕಾಣುವ ಶೇರ್ಡ್ ಡ್ರೈವ್‌ನಲ್ಲಿ ಬ್ಯಾಕಪ್ ಇಟ್ಟರೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಮೂರನೆಯ ಪ್ರತಿ ಹೊರಗಿರಬೇಕು. 1 ಟಿಬಿಯನ್ನು 50 ಎಂಬಿಪಿಎಸ್ ಲೈನಿನಲ್ಲಿ ಕ್ಲೌಡ್‌ಗೆ ಏರಿಸಲು 44 ಗಂಟೆ ಬೇಕು. ಆದ್ದರಿಂದ ಟ್ಯಾಲಿ ಮಾತ್ರ ಕ್ಲೌಡ್‌ಗೆ. ಡ್ರಾಯಿಂಗ್‌ಗಳು ಎನ್‌ಕ್ರಿಪ್ಟ್ ಮಾಡಿದ ಎರಡು ಯುಎಸ್‌ಬಿ ಡಿಸ್ಕ್‌ಗಳಲ್ಲಿ ಇರಲಿ, ವಾರಕ್ಕೊಂದರಂತೆ ಮಾಲೀಕರ ಮನೆಗೆ ಹೋಗಲಿ.

ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆ ದಿನದಿಂದ 72 ತಿಂಗಳು ಇಡಬೇಕು. ಕಂಪನಿಯಾಗಿದ್ದರೆ ಲೆಕ್ಕಪುಸ್ತಕ 8 ವರ್ಷ, ಬ್ಯಾಕಪ್ ಪ್ರತಿದಿನ, ಅದೂ ಭಾರತದಲ್ಲೇ ಇರುವ ಸರ್ವರ್‌ನಲ್ಲಿ.

ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಟ್ಯಾಲಿ ಯಂತ್ರವನ್ನು ನೆಟ್‌ವರ್ಕ್ ಇಲ್ಲದೆ ಎಬ್ಬಿಸಿ, ಹಿಂದಿನ ದಿನದ ಕೊನೆಯ ವೋಚರ್ ಕಾಣುತ್ತದೆಯೇ ನೋಡಿ. ಬ್ಯಾಕಪ್ ಆಗಿದೆ ಅನ್ನುವ ಹಸಿರು ಗುರುತನ್ನೇ ನಂಬಿ ಬಿಡಬೇಡಿ. ಹಳೆ ಯಂತ್ರಗಳ ಡಿಸ್ಕ್‌ಗಳನ್ನು ಬಿಚ್ಚಿ, ಹೆಸರು ಬರೆದು, ಹೊಸ ಸರ್ವರ್‌ನಿಂದ ಒಂದು ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಮುಗಿಯುವ ತನಕ ಬೀರುವಿನಲ್ಲಿಡಿ. ಗುಜರಿಗೆ ಕೊಡುವುದು ಅದಾದ ಮೇಲೆ, ಪೂರ್ತಿ ಅಳಿಸಿ.