ಬಾತ ಕೈಗೆ ಹಗುರವಾದ ಮಾಲಿಶ್: ನನ್ನ ಅನುಭವ

ಬಲಗೈ ಬಾತಿದ್ದರೆ ಮೊದಲು ಮುಟ್ಟಬೇಕಾದದ್ದು ಕೊರಳನ್ನು. ಕೈಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಹೆಣ್ಣುಮಗಳು ನನಗೆ ಕಲಿಸಿದ ಮೊದಲ ಪಾಠ ಇದು. ಈ ಮಾಲಿಶ್ ಬಗ್ಗೆ ಕೇಳಿಕೊಂಡು ಬರುವವರಿಗೆ ನಾನೂ ಇಲ್ಲಿಂದಲೇ ಶುರು ಮಾಡಿ ಹೇಳುತ್ತೇನೆ.

ನಾನು ಬಾಗಲಕೋಟೆಯ ನವನಗರದಲ್ಲಿ ಹೊಲಿಗೆ ಮಾಡುವವಳು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವುದೇ ಹೆಚ್ಚಿನ ಕೆಲಸ. ಬಲ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ಆಮೇಲೆ ವಿಕಿರಣ ಚಿಕಿತ್ಸೆ ಕೊಟ್ಟರು. ಎಲ್ಲ ಮುಗಿದು ಒಂದು ವರ್ಷ ಕಳೆದ ಮೇಲೆ ಸಂಜೆ ಹೊತ್ತಿಗೆ ಬಲಗೈಯ ಬಳೆಗಳು ಬಿಗಿಯಾಗತೊಡಗಿದವು. ಕೊರಳಲ್ಲಿ ಟೇಪು ಹಾಕಿಕೊಂಡೇ ದಿನ ಕಳೆಯುವವಳು ನಾನು, ಎರಡೂ ಕೈಗಳ ಅಳತೆ ತೆಗೆದೆ. ಮೊಣಕೈಯಿಂದ ಮೇಲೆ ಒಂದು ಗೇಣು ಜಾಗದಲ್ಲಿ ಬಲತೋಳು ಎಡತೋಳಿಗಿಂತ ಎರಡು ಸೆಂಟಿಮೀಟರ್‌ಗೂ ಹೆಚ್ಚು ದಪ್ಪವಿತ್ತು. ಎರಡು ಸೆಂಟಿಮೀಟರ್ ವ್ಯತ್ಯಾಸವನ್ನು ವೈದ್ಯರು ಸಾಮಾನ್ಯವಾಗಿ ಲಿಂಫೆಡೀಮಾದ, ಅಂದರೆ ದುಗ್ಧರಸ ಹರಿಯದೆ ನಿಂತು ಬರುವ ಬಾವಿನ, ಗುರುತೆಂದು ನೋಡುತ್ತಾರೆ ಎನ್ನುವುದು ಬೆಳಗಾವಿಗೆ ಹೋದಾಗ ತಿಳಿಯಿತು.

ಕಾರಣ ಗೊತ್ತಾಗದೆ ಈ ಮಾಲಿಶ್ ಕೈಗೆ ಹತ್ತುವುದಿಲ್ಲ. ರಕ್ತನಾಳಗಳಿಂದ ಸೋರಿದ ನೀರಿನ ಒಂದು ಪಾಲು, ಅದರ ಜೊತೆಗೆ ಪ್ರೋಟೀನು, ದುಗ್ಧರಸವಾಗಿ (ಲಿಂಫ್) ತನ್ನದೇ ನಾಳಗಳಲ್ಲಿ ಹರಿದು ಮತ್ತೆ ರಕ್ತಕ್ಕೆ ಸೇರುತ್ತದೆ. ದಾರಿಯಲ್ಲಿ ಕಂಕುಳು, ತೊಡೆಸಂದು, ಕೊರಳಿನ ಗ್ರಂಥಿಗಳು ಅದನ್ನು ಸೋಸುತ್ತವೆ. ಕೊನೆಗೆ ಅದು ರಕ್ತಕ್ಕೆ ಸೇರುವ ಜಾಗ ಕಾಲರ್ ಮೂಳೆಯ ಹಿಂದೆ, ಕೊರಳಿನ ಬುಡದ ಅಭಿಧಮನಿಯಲ್ಲಿದೆ. ಬಲಗೈ, ಬಲ ಎದೆ, ತಲೆಯ ಬಲಭಾಗದ್ದು ಬಲಗಡೆಯಲ್ಲಿ ಸೇರುತ್ತದೆ. ಉಳಿದ ಇಡೀ ದೇಹದ್ದು ಎಡಗಡೆಯಲ್ಲಿ. ನನ್ನ ಬಲಗಂಕುಳಿನ ಗ್ರಂಥಿಗಳು ಹೋದುದರಿಂದ ಕೈಯ ದುಗ್ಧರಸಕ್ಕೆ ರೂಢಿಯ ದಾರಿ ಮುಚ್ಚಿದಂತಾಯಿತು. ನಮ್ಮ ಕಡೆ ಘಟಪ್ರಭಾ ಕಾಲುವೆಯ ನೀರು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮುಂದಿನ ತೂಬು ತೆರೆಯದೆ ಹಿಂದಿನಿಂದ ನೀರು ನೂಕಿದರೆ ಏರಿ ಒಡೆಯುತ್ತದೆ. ಅದಕ್ಕೇ ಮೊದಲು ಕೊರಳು, ಆಮೇಲೆ ಎಡಗಂಕುಳು ಮತ್ತು ಬಲ ತೊಡೆಸಂದು, ಆಮೇಲೆ ಎದೆ ಮತ್ತು ಪಕ್ಕೆ, ಕಡೆಗೆ ಕೈ.

ಈ ವಿಧಾನವನ್ನು ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್. 1930ರ ದಶಕದ ಆರಂಭದಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ, ಬಿಡದ ನೆಗಡಿಯಿಂದ ಕೊರಳಿನ ಗ್ರಂಥಿಗಳು ಊದಿಕೊಂಡವರಿಗೆ ಅವರು ಚಿಕಿತ್ಸೆ ಕೊಡುತ್ತಿದ್ದರು. ಆ ಗ್ರಂಥಿಗಳನ್ನು ಮುಟ್ಟಬಾರದೆಂದು ಎಲ್ಲರೂ ನಂಬಿದ್ದ ಕಾಲವದು. ಅವರು ಹಗುರವಾಗಿ ಮುಟ್ಟಿ ನೋಡಿದರು; 1936ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕದ ಮುಂದಿಟ್ಟರು.

ಹಗುರ ಎಂದೆ. ನಮ್ಮೂರಿನಲ್ಲಿ ಈ ಒಂದು ಮಾತನ್ನು ಒಪ್ಪಿಸುವುದೇ ಕಷ್ಟ. ಇಲ್ಲಿ ಮಾಲಿಶ್ ಎಂದರೆ ಎಣ್ಣೆ ಕಾಯಿಸಿ, ಬಾಣಂತಿಗೆ ತಿಕ್ಕಿದಂತೆ ಗಸಗಸ ತಿಕ್ಕಿ, ಮೇಲೆ ಬಿಸಿನೀರು ಹೊಯ್ಯುವುದು. ಕೈ ಬಾತದ್ದನ್ನು ಕಂಡ ಓಣಿಯ ಹಿರಿಯರೆಲ್ಲ ಪ್ರೀತಿಯಿಂದಲೇ ಅದನ್ನು ಸೂಚಿಸಿದರು. ಈ ರೋಗಕ್ಕೆ ಅದೇ ಹಾನಿ. ದುಗ್ಧರಸ ನಾಳಗಳ ಮೊದಲ ಎಳೆಗಳು ಚರ್ಮದ ಕೆಳಗೆ, ತೀರ ಮೇಲ್ಪದರದಲ್ಲಿರುತ್ತವೆ. ಸುತ್ತಲಿನ ಊತಕಕ್ಕೆ ಅವು ಸಣ್ಣ ತಂತುಗಳಿಂದ ಕಟ್ಟಿಕೊಂಡಿರುತ್ತವೆ. ಚರ್ಮವನ್ನು ಮೆಲ್ಲನೆ ಎಳೆದಾಗ ತಂತು ಬಿಗಿಯಾಗಿ ನಾಳದ ಗೋಡೆಯ ಬಾಯಿ ತೆರೆಯುತ್ತದೆ, ನೀರು ಒಳಗೆ ಹೋಗುತ್ತದೆ. ಬಿಟ್ಟಾಗ ಮುಚ್ಚಿಕೊಂಡು ಮುಂದಕ್ಕೆ ಸಾಗುತ್ತದೆ. ಜೋರಾಗಿ ಒತ್ತಿದರೆ ಆ ಎಳೆಗಳು ಚಪ್ಪಟೆಯಾಗುತ್ತವೆ. ಬಿಸಿ ತಗಲಿ ತಿಕ್ಕಿದರೆ ಅಲ್ಲಿಗೆ ರಕ್ತ ಹೆಚ್ಚು ನುಗ್ಗುತ್ತದೆ, ಸೋರುವ ನೀರೂ ಹೆಚ್ಚಾಗುತ್ತದೆ.

ಆದ್ದರಿಂದ ಕೈಗೆ ಎಣ್ಣೆ ಹಚ್ಚಿಕೊಳ್ಳುವುದಿಲ್ಲ. ಎಣ್ಣೆಯಿದ್ದರೆ ಬೆರಳು ಚರ್ಮದ ಮೇಲೆ ಜಾರುತ್ತದೆ, ಚರ್ಮ ಅಲ್ಲಾಡುವುದಿಲ್ಲ. ಒಣಗಿದ ಅಂಗೈಯನ್ನು ಸಪಾಟಾಗಿ ಇಟ್ಟು, ಅಂಗೈ ಎಷ್ಟು ಸರಿಯುತ್ತದೋ ಚರ್ಮವೂ ಅಷ್ಟೇ ಸರಿಯಬೇಕು. ಕೆಳಗಿನ ಸ್ನಾಯು ಬೆರಳಿಗೆ ಸಿಕ್ಕರೆ ಒತ್ತಡ ಹೆಚ್ಚಾಯಿತೆಂದು ಅರ್ಥ. ಚರ್ಮ ಕೆಂಪಾಗಬಾರದು, ನೋಯಬಾರದು. ಖಣ ಕತ್ತರಿಸುವ ಮುನ್ನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ನೇವರಿಸುವ ಅಭ್ಯಾಸ ನನಗಿರುವುದರಿಂದ ಒತ್ತಡದ ಅಳತೆ ಬೇಗ ಸಿಕ್ಕಿತು. ನಿಧಾನ ಮಾತ್ರ ಬೇಗ ಬರಲಿಲ್ಲ. ಎಳೆಯುವುದಕ್ಕೆ ಎಷ್ಟು ಹೊತ್ತೋ ಬಿಡುವುದಕ್ಕೂ ಅಷ್ಟೇ ಹೊತ್ತು ಕೊಡಬೇಕು. ಒಂದೊಂದು ಸುತ್ತಿಗೆ ಎರಡು ಮೂರು ಸೆಕೆಂಡು. ಮನೆಯಲ್ಲಿ ಕೆಲಸ ಕಾದಿರುವ ಹೆಂಗಸಿಗೆ ಈ ನಿಧಾನವನ್ನು ಕಲಿಯುವುದು ದೊಡ್ಡ ಸಾಧನೆಯೇ. ಫಿಸಿಯೋಥೆರಪಿಸ್ಟ್ ಮೊದಲು ನನ್ನ ಮೈಮೇಲೆ ಮಾಡಿ ತೋರಿಸಿದರು, ಆಮೇಲೆ ತಮ್ಮ ತೋಳನ್ನು ನನ್ನ ಮುಂದೆ ಚಾಚಿ ನನ್ನಿಂದ ಮಾಡಿಸಿದರು. ಚಿತ್ರ ನೋಡಿ, ವಿಡಿಯೊ ನೋಡಿ ಒತ್ತಡ ತಿಳಿಯುವುದಿಲ್ಲ. ಲೋಕಾಪುರ, ಯರಗಟ್ಟಿ ದಾಟಿ ಅಷ್ಟು ದೂರ ಬಸ್ಸಿನಲ್ಲಿ ಹೋಗಿಬರುವುದು ಆಯಾಸದ್ದೇ. ಆದರೂ ಒಮ್ಮೆ ಬಲ್ಲವರ ಕೈ ನಿಮ್ಮ ಚರ್ಮವನ್ನು ಮುಟ್ಟಲೇಬೇಕೆಂದು ನಾನು ಹಟ ಹಿಡಿದು ಹೇಳುತ್ತೇನೆ.

ಈಗ ನಾನು ಮಾಡಿಕೊಳ್ಳುವ ಕ್ರಮ. ಬೆಳಿಗ್ಗೆ ಸೆಕೆ ಏರುವ ಮುನ್ನ, ಕುಪ್ಪಸ ಸಡಿಲಿಸಿ ಹಾಸಿಗೆಯ ಮೇಲೆ ಒರಗಿಕೊಳ್ಳುತ್ತೇನೆ. ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲಿಟ್ಟು, ಹೊಟ್ಟೆ ಉಬ್ಬುವಂತೆ ಐದಾರು ಸಲ ಆಳವಾಗಿ ಉಸಿರಾಡುತ್ತೇನೆ. ದೇಹದ ಅತಿ ದೊಡ್ಡ ದುಗ್ಧರಸ ನಾಳ ಹೊಟ್ಟೆಯಿಂದ, ಹೊಟ್ಟೆ ಮತ್ತು ಎದೆಯ ನಡುವಿನ ಪರದೆಯಾದ ವಪೆಯನ್ನು ದಾಟಿ ಎದೆಗೆ ಏರುತ್ತದೆ. ಉಸಿರಿನ ಏರಿಳಿತವೇ ಅದಕ್ಕೆ ಒತ್ತಾಸೆ. ಇದನ್ನು ಬಿಟ್ಟು ನೇರ ಕೈಗೆ ಹೋಗುವವರನ್ನು ಕಂಡಿದ್ದೇನೆ. ನನ್ನ ಮಟ್ಟಿಗೆ ಉಸಿರಾಟವೇ ಅರ್ಧ ಮಾಲಿಶ್.

ಆಮೇಲೆ ಕಾಲರ್ ಮೂಳೆಯ ಮೇಲಿನ ಎರಡೂ ಗುಳಿಗಳಲ್ಲಿ ಬೆರಳುಗಳನ್ನು ಸಪಾಟಾಗಿ ಇಟ್ಟು ಚರ್ಮವನ್ನು ಒಳಕ್ಕೆ, ಕೆಳಕ್ಕೆ ತುಸು ಎಳೆದು ಬಿಡುತ್ತೇನೆ. ನಂತರ ಬಲಗೈಯನ್ನು ಎಡಗಂಕುಳಿಗೆ ಒಯ್ದು, ಅಂಗೈ ಗುಳಿಯಲ್ಲಿಟ್ಟು ಮೇಲಕ್ಕೆ ಮೆಲ್ಲನೆ ಸುತ್ತು. ಎಡಗೈಯಿಂದ ಬಲ ತೊಡೆಸಂದಿನಲ್ಲಿ ಹೊಟ್ಟೆಯ ಕಡೆಗೆ ಅದೇ ಬಗೆಯ ಸುತ್ತು. ಇವೆರಡೂ ನಮ್ಮ ಹೊಸ ತೂಬುಗಳು.

ಎದೆಯ ಮೇಲೆ ಕೆಲಸ ಮಾಡುವಾಗಲೂ ಅದೇ ನಿಯಮ: ತಲುಪಬೇಕಾದ ಜಾಗದ ಹತ್ತಿರದ ಭಾಗ ಮೊದಲು. ಎಡಗಂಕುಳಿನ ಪಕ್ಕದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತ, ಎದೆಯ ನಡುಮೂಳೆ ದಾಟಿ ಬಲ ಎದೆಗೆ ಬರುತ್ತೇನೆ. ಪ್ರತಿ ಸಲವೂ ಚರ್ಮ ಎಳೆಯುವ ದಿಕ್ಕು ಎಡಗಂಕುಳಿನತ್ತಲೇ. ಪಕ್ಕೆಯಲ್ಲೂ ಹಾಗೆಯೇ, ತೊಡೆಸಂದಿನ ಕಡೆಯಿಂದ ಶುರುವಾಗಿ ಬಲಗಂಕುಳಿನವರೆಗೆ, ಎಳೆತ ಕೆಳಕ್ಕೆ. ಶಸ್ತ್ರಚಿಕಿತ್ಸೆಯ ಗಾಯದ ಗುರುತು ಅಡ್ಡ ಬಂದಲ್ಲಿ ಅದರ ಮೇಲೆ ಎಳೆಯದೆ ಬದಿಯಿಂದ ಸಾಗುತ್ತೇನೆ.

ಇಷ್ಟಾದ ಮೇಲೆ ತೋಳು. ಒಳಭಾಗದಿಂದ ಹೊರಭಾಗಕ್ಕೆ, ಹೊರಭಾಗದಿಂದ ಭುಜದ ಮೇಲಕ್ಕೆ. ಬಳಿಕ ಮೊಣಕೈ, ಮುಂಗೈ, ಅಂಗೈಯ ಹಿಂಬದಿ, ಬೆರಳುಗಳು. ಬೆರಳಿಗೆ ತಲುಪಿದ ಮೇಲೆ ಮತ್ತೆ ಬೆರಳಿನಿಂದ ಭುಜದವರೆಗೆ, ಭುಜದಿಂದ ಎದೆ ದಾಟಿಸಿ ಬರುತ್ತೇನೆ. ಒಟ್ಟು ಅರ್ಧ ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಚರ್ಮಕ್ಕೆ ವಾಸನೆಯಿಲ್ಲದ ಕ್ರೀಮು ಹಚ್ಚುತ್ತೇನೆ. ಒಣಗಿ ಬಿರಿದ ಚರ್ಮದಿಂದ ಸೋಂಕು ಒಳಹೊಗುತ್ತದೆ.

ಆದರೆ ಮಾಲಿಶ್ ಒಂದರಿಂದಲೇ ಬಾವು ಇಳಿದು ನಿಲ್ಲುತ್ತದೆ ಎಂದು ನಂಬಬೇಡಿ. ಸರಿಸಿದ ನೀರು ಸಂಜೆಯೊಳಗೆ ಮರಳುತ್ತದೆ. ಅದನ್ನು ತಡೆಯುವುದು ಒತ್ತಡದ ಪಟ್ಟಿ, ಮತ್ತು ಬಾವು ಇಳಿದ ಮೇಲೆ ಒತ್ತಡದ ತೋಳುಚೀಲ. ಮಾಲಿಶ್, ತೋಳುಚೀಲ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ತೋಳುಚೀಲವನ್ನೇ ಆರಿಸುತ್ತೇನೆ. ಮೊದಲ ವಾರಗಳಲ್ಲಿ ಬೆಳಗಾವಿಯವರು ಹತ್ತಿಯ ಮೆತ್ತೆ ಸುತ್ತಿ ಅದರ ಮೇಲೆ ಕಡಿಮೆ ಹಿಗ್ಗುವ ಪಟ್ಟಿಯನ್ನು ಪದರ ಪದರವಾಗಿ ಕಟ್ಟಿದರು. ಅಂಗಡಿಯ ಕ್ರೇಪ್ ಪಟ್ಟಿ ತುಂಬ ಹಿಗ್ಗುತ್ತದೆ, ಈ ಕೆಲಸಕ್ಕೆ ಆಗದು. ಕೈ ಆಡಿಸಿದಾಗ ಸ್ನಾಯು ಉಬ್ಬಿ ಗಟ್ಟಿ ಪಟ್ಟಿಗೆ ಒತ್ತಿಕೊಳ್ಳಬೇಕು, ಆಗಲೇ ನೀರು ಮೇಲಕ್ಕೆ ಹೋಗುವುದು. ತೋಳುಚೀಲದ ಬಿಗಿ ಮಣಿಕಟ್ಟಿನಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಹೊಲಿಗೆಯವಳಾದ ನನಗೆ ಆ ಲೆಕ್ಕ ತುಂಬ ಹಿಡಿಸಿತು: ಮೇಲಿನ ಅಂಚು ಬಿಗಿಯಾದರೆ ಬೆರಳುಗಳೇ ಬಾಯುತ್ತವೆ. ಅದಕ್ಕೇ ಅದರ ಮೇಲಂಚನ್ನು ಎಂದೂ ಮಡಚುವುದಿಲ್ಲ. ಪ್ರತಿದಿನ ಒಗೆದು ನೆರಳಲ್ಲಿ ಆರಿಸುತ್ತೇನೆ, ರಾತ್ರಿ ತೆಗೆದಿಡುತ್ತೇನೆ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಅದನ್ನು ತೊಟ್ಟಿರುವುದು ನಿಜಕ್ಕೂ ಹಿಂಸೆ. ಆದರೆ ಬೇಸಿಗೆಯಲ್ಲೇ ಕೈ ಹೆಚ್ಚು ಬಾಯುವುದು.

ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಕೇ ಎಂದು ಬೆಳಗಾವಿಯವರನ್ನು ಕೇಳಿದ್ದೆ. ಕೈ ದುಡಿಯುವುದು ಒಳ್ಳೆಯದೇ, ತೋಳುಚೀಲ ಹಾಕಿಕೊಂಡು ಸ್ವಲ್ಪ ಸ್ವಲ್ಪ ಮಾಡಿ, ಒಲೆಯ ಝಳದಿಂದ ದೂರವಿರಿ ಎಂದರು. ಈಗ ಬಡಿಯುವುದು ನಾನು, ಹಂಚಿಗೆ ಹಾಕಿ ಬೇಯಿಸುವುದು ಮಗಳು. ಸೂಜಿ ಹಿಡಿದಾಗ ಬೆರಳಿಗೆ ಅಂಗುಸ್ತಾನ ತಪ್ಪಿಸುವುದಿಲ್ಲ. ಬಿಪಿ ನೋಡಲು, ರಕ್ತ ತೆಗೆಯಲು ಎಡಗೈ ಚಾಚುತ್ತೇನೆ.

ಮಾಲಿಶ್ ಮಾಡಬಾರದ ದಿನಗಳೂ ಇವೆ. ಒಮ್ಮೆ ಸೊಳ್ಳೆ ಕಚ್ಚಿದ ಜಾಗದಿಂದ ಕೆಂಪು ಹರಡಿ, ಕೈ ಕಾದ ಹಂಚಿನಂತಾಗಿ, ಚಳಿಜ್ವರ ಬಂತು. ಅದು ಚರ್ಮದ ಒಳಪದರದ ಸೋಂಕು. ಆಗ ಮಾಲಿಶ್ ನಿಲ್ಲಿಸಿ ಅಂದೇ ವೈದ್ಯರ ಬಳಿ ಹೋಗಬೇಕು, ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ವೈದ್ಯರು ಹೂಂ ಎಂದ ಮೇಲೆಯೇ ಮತ್ತೆ ಶುರು ಮಾಡಿದೆ. ರಕ್ತನಾಳದಲ್ಲಿ ಹೆಪ್ಪು ಇದ್ದವರು, ಹೃದಯ ಅಥವಾ ಮೂತ್ರಪಿಂಡ ಸೋತವರು ಇದನ್ನು ತಾವಾಗಿ ಮಾಡಿಕೊಳ್ಳಕೂಡದು. ಕೈ ದಿಢೀರನೆ ಬಾತರೆ, ಹೊಸ ಗಂಟು ಕಂಡರೆ ಕ್ಯಾನ್ಸರ್ ವೈದ್ಯರನ್ನೇ ಮೊದಲು ಕಾಣಬೇಕು.

ನನ್ನ ಕೈ ಕಂಡು ಕಾಲು ಬಾತವರೂ ಬರುತ್ತಾರೆ. ಬಾಗಲಕೋಟೆ, ವಿಜಯಪುರ ಎರಡೂ ಆನೆಕಾಲು ರೋಗದ ಜಿಲ್ಲೆಗಳೆಂದು ಸರ್ಕಾರ ಗುರುತಿಸಿದೆ. ಸೊಳ್ಳೆಯಿಂದ ಬರುವ ಆ ರೋಗದ ಹುಳು ಇದೇ ದುಗ್ಧರಸ ನಾಳಗಳನ್ನು ಕೆಡಿಸುತ್ತದೆ. ಮನೆಮನೆಗೆ ತಂದು ನುಂಗಿಸುವ ಡಿಇಸಿ, ಅಲ್ಬೆಂಡಜೋಲ್ ಮಾತ್ರೆಗಳು ರೋಗ ಹರಡುವುದನ್ನು ತಡೆಯುತ್ತವೆ, ಆದರೆ ದಪ್ಪವಾದ ಕಾಲನ್ನು ಹಿಂದಿನಂತೆ ಮಾಡುವುದಿಲ್ಲ. ಅವರಿಗೆ ಮಾಲಿಶ್‌ಗಿಂತ ಮೊದಲು ಸೋಪು ಹಚ್ಚಿ ಕಾಲು ತೊಳೆಯುವುದು, ಬೆರಳ ಸಂದು ಒರೆಸಿ ಒಣಗಿಸುವುದು, ಕಾಲು ಮೇಲಿಟ್ಟು ಕೂರುವುದು ಬೇಕು. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಚರ್ಮದ ಆರೈಕೆ, ಆಯುರ್ವೇದ, ಯೋಗ, ಮಾಲಿಶ್, ಪಟ್ಟಿ ಎಲ್ಲವನ್ನೂ ಸೇರಿಸಿ ಚಿಕಿತ್ಸೆ ಕೊಡುತ್ತಾರೆ. ಹೋಗಬಲ್ಲವರಿಗೆ ಆ ಹೆಸರು ಬರೆದುಕೊಡುತ್ತೇನೆ. ಉಳಿದವರನ್ನು ಮೊದಲು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತೇನೆ.

ಶಸ್ತ್ರಚಿಕಿತ್ಸೆ ಆದ ಹೆಂಗಸರು ಕುಪ್ಪಸ ಹೊಲಿಸಲು ಬಂದರೆ ಎರಡೂ ತೋಳುಗಳ ಅಳತೆಯನ್ನು ಬೇರೆ ಬೇರೆ ತೆಗೆದುಕೊಳ್ಳುತ್ತೇನೆ, ಚೀಟಿಯ ಮೇಲೆ ತಾರೀಖು ಹಾಕಿ ಅವರಿಗೇ ಕೊಡುತ್ತೇನೆ. ಖಣದ ತೋಳು ಬಿಗಿಯಾಗಿರಬೇಕೆನ್ನುವುದು ನಮ್ಮ ಕಡೆಯ ರೂಢಿ. ಅವರಿಗೆ ಮಾತ್ರ ಆ ಬದಿಯ ತೋಳಿಗೆ ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು, ಒಳಗೆ ಹೊಲಿಗೆ ಬಿಚ್ಚಿ ಅಗಲಿಸಲು ಬಟ್ಟೆ ಉಳಿಸುತ್ತೇನೆ. ಮುಂದಿನ ಸಲ ಬರುವಾಗ ಆ ಚೀಟಿ ತರಲು ಹೇಳುತ್ತೇನೆ, ಮತ್ತೆ ಟೇಪು ಹಿಡಿದು ನೋಡುತ್ತೇನೆ.