ಓಡುತ್ತಿರುವಾಗಲೇ ಕರೆಂಟ್ ಹೋಗುವ ಕಾರು: ನಾನು ದೋಷ ಹಿಡಿಯುವ ಬಗೆ

ಓಡುತ್ತಿದ್ದ ಕಾರು ಏಕಾಏಕಿ ಆಫ್ ಆಗಿ, ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್, ಎಂಜಿನ್ ಎಂದು ಮೀಟರ್ ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡರೆ, ಮೊದಲು ಕೇಳಿಬರುವ ಮಾತು ‘ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ’ ಎನ್ನುವುದು. ನಾನು ಬಿಚ್ಚಿ ನೋಡಿದ ಗಾಡಿಗಳಲ್ಲಿ ಇದು ನಿಜವಾಗಿದ್ದು ತೀರ ಅಪರೂಪ. ನಾಲ್ಕು ಮಾಡ್ಯೂಲ್‌ಗಳು, ಅಂದರೆ ಒಂದೊಂದು ಕೆಲಸ ನೋಡುವ ಕಂಪ್ಯೂಟರ್ ಪೆಟ್ಟಿಗೆಗಳು, ಒಂದೇ ಗಳಿಗೆಯಲ್ಲಿ ಕೆಡುವುದಿಲ್ಲ. ನಾಲ್ಕಕ್ಕೂ ಕರೆಂಟ್ ಕೊಡುವ ಒಂದು ಫ್ಯೂಸ್, ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗಲು ನಾಲ್ಕೂ ಸೇರುವ ಒಂದು ಅರ್ತ್ ಬೋಲ್ಟ್, ಇಲ್ಲವೇ ನಾಲ್ಕೂ ಮಾತಾಡಿಕೊಳ್ಳುವ ಒಂದು ಜೋಡಿ ವೈರ್ ಕೆಟ್ಟಿರುತ್ತದೆ. ಹಾಗಾಗಿ ಯಾವ ಪಾರ್ಟ್ ಬದಲಿಸಬೇಕು ಎಂದು ಯೋಚಿಸುವ ಮೊದಲು, ಒಟ್ಟಿಗೆ ನಿಂತವೆಲ್ಲ ವೈರಿಂಗ್ ಡಯಾಗ್ರಮ್‌ನಲ್ಲಿ ಎಲ್ಲಿ ಕೂಡುತ್ತವೆ ಎಂದು ಹುಡುಕುತ್ತೇನೆ.

ಇದಕ್ಕೆ ಗಾಡಿ ಓಡಿಸಿದವರ ಮಾತು ಬಹಳ ಮುಖ್ಯ. ‘ಗಾಡಿ ಆಫ್ ಆಯ್ತು’ ಎನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ದೋಷಗಳಿರುತ್ತವೆ. ಮೀಟರ್ ಬೋರ್ಡ್, ಹೆಡ್‌ಲೈಟ್, ರೇಡಿಯೊ ಎಲ್ಲ ಸೇರಿ ಪೂರ್ತಿ ಕತ್ತಲಾಗಿದ್ದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಬಾಡಿ ಅರ್ತ್ ಕಡೆ ಹೋಗುತ್ತೇನೆ. ದೀಪ, ರೇಡಿಯೊ ಇದ್ದು ಎಂಜಿನ್ ಮಾತ್ರ ನಿಂತಿದ್ದರೆ ಎಂಜಿನ್ ಮೇನ್ ರಿಲೇ, ಇಗ್ನಿಷನ್ ಸ್ವಿಚ್, ಫ್ಯೂಯೆಲ್ ಪಂಪ್ ಸಪ್ಲೈ, ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ನೋಡುತ್ತೇನೆ. ಎಂಜಿನ್ ಓಡುತ್ತಲೇ ಇದ್ದು ಸ್ಟೀರಿಂಗ್ ಬಿಗಿಯಾಗಿ, ಸೂಚನೆಗಳು ಒಂದರ ಹಿಂದೊಂದು ಬಂದಿದ್ದರೆ ವೋಲ್ಟೇಜ್ ಕುಸಿದಿದೆ ಅಥವಾ ಮಾಡ್ಯೂಲ್‌ಗಳು ಮಾತಾಡಿಕೊಳ್ಳುವ ಆ ಜೋಡಿ ವೈರ್, ಅಂದರೆ ಕ್ಯಾನ್ ಲೈನ್ ಕೆಟ್ಟಿದೆ. ಆ ಹೊತ್ತಿಗೆ ಬ್ರೇಕ್ ಹಿಡಿದಿದ್ದರೇ, ಗುಂಡಿಗೆ ಇಳಿದಿತ್ತೇ, ಎಸಿ ಹಾಕಿದ್ದರೇ, ಮಳೆ ಇತ್ತೇ ಎಂದು ಕೇಳುತ್ತೇನೆ. ಇತ್ತೀಚೆಗೆ ಬ್ಯಾಟರಿ ಬದಲಿಸಿದ್ದರೇ, ಮುಂಗಾಜು ಹಾಕಿಸಿದ್ದರೇ, ಡ್ಯಾಶ್‌ಕ್ಯಾಮ್ ಅಥವಾ ಆಂಪ್ಲಿಫೈಯರ್ ಕೂರಿಸಿದ್ದರೇ ಎನ್ನುವುದನ್ನೂ ಬಿಡುವುದಿಲ್ಲ. ಅರ್ಧ ದೋಷ ಅಲ್ಲೇ ಸಿಗುತ್ತದೆ.

ಗಾಡಿ ಕೈಗೆ ಬಂದಾಗ ಮಾಡಲೇಬಾರದ ಎರಡು ಕೆಲಸಗಳಿವೆ: ಬ್ಯಾಟರಿ ಕಳಚುವುದು ಮತ್ತು ಮಾಡ್ಯೂಲ್‌ಗಳು ಬರೆದಿಟ್ಟ ದೋಷದ ಕೋಡ್ ಅಳಿಸುವುದು. ಎರಡರಲ್ಲೂ ಸಾಕ್ಷಿ ಹೋಗಿಬಿಡುತ್ತದೆ. ಮೊದಲು ಸ್ಕ್ಯಾನರ್‌ನಲ್ಲಿ ಎಲ್ಲ ಮಾಡ್ಯೂಲ್‌ಗಳ ಕೋಡ್ ಓದಿ, ಫ್ರೀಜ್ ಫ್ರೇಮ್‌ನಲ್ಲಿ (ದೋಷ ಬಂದಾಗ ಉಳಿದ ದಾಖಲೆ) ಆ ಗಳಿಗೆಯ ವೋಲ್ಟೇಜ್, ವೇಗ, ತಾಪ ಎಷ್ಟಿತ್ತು ಎಂದು ಬರೆದುಕೊಳ್ಳುತ್ತೇನೆ. ಒಂದೊಂದು ಕೋಡನ್ನು ಬಿಡಿಬಿಡಿಯಾಗಿ ನೋಡಿದರೆ ದಾರಿ ತಪ್ಪುತ್ತದೆ. ಎಬಿಎಸ್, ಸ್ಟೀರಿಂಗ್, ಬಾಡಿ ಮೂರೂ ಮಾಡ್ಯೂಲ್‌ಗಳಲ್ಲಿ ಯು0100 ಇದ್ದರೆ, ಎಂಜಿನ್ ಇಸಿಎಂ ತಮ್ಮ ಜತೆ ಮಾತು ನಿಲ್ಲಿಸಿತು ಎಂದು ಮೂವರೂ ದೂರುತ್ತಿದ್ದಾರೆ. ಆಗ ಇಸಿಎಂಗೆ ಹೋಗುವ ಸಪ್ಲೈ ಮತ್ತು ಅರ್ತ್ ನೋಡಬೇಕು. ಜತೆಗೆ ಪಿ0562, ಅಂದರೆ ಸಿಸ್ಟಮ್ ವೋಲ್ಟೇಜ್ ಕಡಿಮೆ ಎನ್ನುವ ಕೋಡ್ ಇದ್ದರೆ, ಮಿಕ್ಕ ಕೋಡ್‌ಗಳನ್ನೆಲ್ಲ ಬದಿಗಿಟ್ಟು ಚಾರ್ಜಿಂಗ್‌ನಿಂದ ಶುರುಮಾಡುತ್ತೇನೆ. ವೋಲ್ಟೇಜ್ ಕುಸಿದಾಗ ಎಲ್ಲ ಮಾಡ್ಯೂಲ್‌ಗಳೂ ಸುಳ್ಳು ದೂರು ಹೇಳುತ್ತವೆ.

ಗಾಡಿ ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಸುಮಾರು ಅರ್ಧ. ಆದರೆ ಈ ಅಂಕಿ ಬ್ಯಾಟರಿಯ ಶಕ್ತಿ ತಿಳಿಸುವುದಿಲ್ಲ. ಬ್ಯಾಟರಿ ಮೇಲೆ ಬರೆದ ಸಿಸಿಎ (ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಲು ಕೊಡಬಲ್ಲ ಆಂಪಿಯರ್) ಅಂಕಿಯ ಅರ್ಧದಷ್ಟು ಆಂಪಿಯರ್ ಲೋಡನ್ನು 15 ಸೆಕೆಂಡ್ ಕೊಟ್ಟಾಗ 9.6 ವೋಲ್ಟ್‌ಗಿಂತ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿ ಮುಗಿದಿದೆ. ಎಂಜಿನ್ ಓಡುವಾಗ ಹಳೆಯ ಗಾಡಿಗಳಲ್ಲಿ 13.8ರಿಂದ 14.5 ಇದ್ದರೆ ಸರಿ ಎನ್ನುತ್ತಿದ್ದೆವು. ಹೊಸ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಷ್ಟು ಕೊಡಬೇಕೆಂದು ಇಸಿಎಂ ಹೇಳುತ್ತದೆ. ನೇರ ರಸ್ತೆಯಲ್ಲಿ ಹಾಯಾಗಿ ಓಡುವಾಗ ಅದು 12.5ರ ಆಸುಪಾಸಿಗೆ ಇಳಿಯಬಹುದು, ಆಕ್ಸಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ 15ರ ಹತ್ತಿರ ಏರಬಹುದು. 12.5 ಕಂಡೊಡನೆ ಆಲ್ಟರ್ನೇಟರ್ ಬದಲಿಸಿದವರು ಎಷ್ಟೋ ಮಂದಿ. ಹೆಡ್‌ಲೈಟ್, ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲ ಹಾಕಿ, ಆಗಲೂ ವೋಲ್ಟೇಜ್ ಮೇಲೆ ಬರದಿದ್ದರೆ ಮಾತ್ರ ಆಲ್ಟರ್ನೇಟರ್ ಮೇಲೆ ಅನುಮಾನ ಪಡಬೇಕು. ಇದೇ ಹೊತ್ತಿಗೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ (ಏರಿಳಿಯುವ ಕರೆಂಟ್) ಹಾಕಿ ಬ್ಯಾಟರಿ ಮೇಲೆ ಇಡುತ್ತೇನೆ. ಅರ್ಧ ವೋಲ್ಟ್ ದಾಟಿದರೆ ಆಲ್ಟರ್ನೇಟರ್ ಒಳಗಿನ ಡಯೋಡ್ ಹೋಗಿದೆ. ಡಿಸಿ ಅಂಕಿ ಚೆನ್ನಾಗಿಯೇ ಇದ್ದು, ಈ ಏರಿಳಿತದಿಂದಲೇ ಮಾಡ್ಯೂಲ್‌ಗಳು ತಲೆಕೆಡಿಸಿಕೊಳ್ಳುವುದುಂಟು.

ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪ್ ಮೇಲೆ ಕರೆಂಟ್ ಅಳೆಯುವ ಚಿಕ್ಕ ಪೆಟ್ಟಿಗೆಯಂಥ ಸೆನ್ಸರ್ ಇದ್ದರೆ, ಚಾರ್ಜರ್‌ನ ಕಪ್ಪು ಕ್ಲಿಪ್ಪನ್ನಾಗಲಿ ಬೇರೆ ಉಪಕರಣಗಳ ಅರ್ತನ್ನಾಗಲಿ ಬ್ಯಾಟರಿ ಕಂಬಕ್ಕೆ ಕಟ್ಟಬಾರದು, ಬಾಡಿಗೆ ಕಟ್ಟಬೇಕು. ಕಂಬಕ್ಕೆ ಕಟ್ಟಿದರೆ ಆ ಕರೆಂಟ್ ಸೆನ್ಸರ್‌ನ ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕ ತಪ್ಪಿದ ಇಸಿಎಂ ಚಾರ್ಜಿಂಗನ್ನೂ ತಪ್ಪಾಗಿ ನಡೆಸುತ್ತದೆ.

ಈಗ ಅರ್ತಿಂಗ್. ನನ್ನ ಹೆಚ್ಚಿನ ಸಮಯ ಹೋಗುವುದು ಇಲ್ಲೇ, ಹೆಚ್ಚಿನ ದೋಷ ಸಿಗುವುದೂ ಇಲ್ಲೇ.

ತಡೆಯನ್ನು ಓಮ್‌ನಲ್ಲಿ ಅಳೆದು ‘ಅರ್ತ್ ಸರಿಯಿದೆ’ ಎನ್ನುವುದು ದೊಡ್ಡ ತಪ್ಪು. ಒಂದು ಬೋಲ್ಟ್ ಕೆಳಗೆ ಕಿಲುಬು ಹಿಡಿದು 0.02 ಓಮ್ ತಡೆ ಬಂದಿದೆ ಎನ್ನಿ. ಮಲ್ಟಿಮೀಟರಿನ ಎರಡು ವೈರ್‌ಗಳಲ್ಲೇ ಅದರ ಹತ್ತು ಪಟ್ಟು ತಡೆ ಇರುತ್ತದೆ, ಹಾಗಾಗಿ ಅದು ಕಾಣುವುದೇ ಇಲ್ಲ. ಎಲೆಕ್ಟ್ರಿಕ್ ಸ್ಟೀರಿಂಗ್ ನಿಂತಲ್ಲೇ ಪೂರ್ತಿ ತಿರುಗಿಸಿದಾಗ 50 ಆಂಪಿಯರ್ ಎಳೆದರೆ, ಅದೇ 0.02 ಓಮ್ 1 ವೋಲ್ಟ್ ತಿನ್ನುತ್ತದೆ. ರೇಡಿಯೇಟರ್ ಫ್ಯಾನ್ ಕೂಡ ಅದೇ ಬೋಲ್ಟಿಗೆ ಸೇರಿದ್ದರೆ, ಫ್ಯಾನ್ ಶುರುವಾದ ಗಳಿಗೆಯಲ್ಲೇ ಸ್ಟೀರಿಂಗ್ ಕೈಬಿಡುತ್ತದೆ. ಬಿಸಿಲಿನಲ್ಲಿ, ಟ್ರಾಫಿಕ್‌ನಲ್ಲಿ ಮಾತ್ರ ಬರುವ ದೋಷಕ್ಕೆ ಬಹಳ ಸಲ ಇದೇ ಕಾರಣ.

ಅಳೆಯುವ ಬಗೆ ಹೀಗೆ. ಎಂಜಿನ್ ಓಡುತ್ತಿರಲಿ, ಲೋಡ್‌ಗಳೆಲ್ಲ ಆನ್ ಇರಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಹಾಕಿ, ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಇಡಿ. ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದನ್ನು ಎಂಜಿನ್ ಬ್ಲಾಕ್ ಮೇಲೆ, ಆಮೇಲೆ ಬಾಡಿ ಮೇಲೆ, ಆಮೇಲೆ ದೂರು ಬಂದ ಮಾಡ್ಯೂಲ್‌ನ ಅರ್ತ್ ಪಿನ್ ಮೇಲೆ ಇಡುತ್ತ ಹೋಗಿ. 0.1 ವೋಲ್ಟ್ ಒಳಗಿದ್ದರೆ ಒಳ್ಳೆಯದು. 0.2 ದಾಟಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ. ಒಂದು ಮುಳ್ಳನ್ನು ಜೋಡಣೆಯಿಂದ ಜೋಡಣೆಗೆ ಸರಿಸುತ್ತ ಬಂದರೆ ಅಂಕಿ ದಿಢೀರ್ ಬದಲಾಗುವ ಜಾಗವೇ ದೋಷದ ಜಾಗ. ಪಾಸಿಟಿವ್ ಕಡೆಗೂ ಇದೇ ಕ್ರಮ: ಆಲ್ಟರ್ನೇಟರ್‌ನ ಔಟ್‌ಪುಟ್ ಬೋಲ್ಟ್‌ನಿಂದ ಬ್ಯಾಟರಿ ಪಾಸಿಟಿವ್ ಕಂಬದ ತನಕ 0.3ರ ಒಳಗಿರಬೇಕು.

ಮಾಡ್ಯೂಲ್‌ಗೆ ವೈರ್ ಸೇರಿಸುವ ಕಪ್ಲರ್ ಕಳಚಿದಾಗ ಸಪ್ಲೈ ಪಿನ್‌ನಲ್ಲಿ 12.6 ಕಂಡರೂ ಅದನ್ನು ನಂಬಬೇಡಿ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಉಳಿದಿದ್ದರೂ ಮಲ್ಟಿಮೀಟರ್ 12.6 ಎಂದೇ ತೋರಿಸುತ್ತದೆ, ಯಾಕೆಂದರೆ ಅದು ಕರೆಂಟ್ ಎಳೆಯುವುದೇ ಇಲ್ಲ. ಅದಕ್ಕೆ ಎರಡು ವೈರ್ ಬೆಸೆದ 21 ವಾಟ್‌ನ ಇಂಡಿಕೇಟರ್ ಬಲ್ಬ್ ಒಂದನ್ನು ಯಾವಾಗಲೂ ಜತೆಗಿಟ್ಟುಕೊಳ್ಳುತ್ತೇನೆ. ಇದು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಸಪ್ಲೈ ಪಿನ್‌ಗೂ ಅರ್ತ್ ಪಿನ್‌ಗೂ ನಡುವೆ ಕಟ್ಟಿದಾಗ ಬಲ್ಬ್ ಬೆಳ್ಳಗೆ ಉರಿದರೆ ಎರಡೂ ಸರಿ. ಕೆಂಪಗೆ ಮಿಣುಕಿದರೆ, ಮಲ್ಟಿಮೀಟರಿನ 12.6 ಸುಳ್ಳು ಎಂದಾಯಿತು. ಬಲ್ಬ್ ಉರಿಯುತ್ತಿರುವಾಗಲೇ ವೈರಿನ ಕಟ್ಟನ್ನು ಗೇಣುಗೇಣಾಗಿ ಹಿಡಿದು ಬಗ್ಗಿಸುತ್ತ ಬನ್ನಿ. ಬೆಳಕು ನಡುಗಿದ ಕಡೆ ಟೇಪ್ ಬಿಚ್ಚಿದರೆ, ಹೊರಗಿನ ಪ್ಲಾಸ್ಟಿಕ್ ಹಾಗೆಯೇ ಇದ್ದು ಒಳಗೆ ತಾಮ್ರ ಹಸಿರು ಪುಡಿಯಾಗಿರುವುದು ಸಿಗುತ್ತದೆ. ದಪ್ಪ ವೈರ್, ಸಪ್ಲೈ ಪಿನ್‌ಗಳಿಗೆ ಮಾತ್ರ ಈ ಬಲ್ಬ್. ಸೆನ್ಸರ್ ಮತ್ತು ಕ್ಯಾನ್ ವೈರ್‌ಗಳಿಗೆ ಇದನ್ನು ಮುಟ್ಟಿಸಿದರೆ ನಿಜವಾಗಿಯೂ ಇಸಿಎಂ ಹೋಗುತ್ತದೆ. ಏರ್‌ಬ್ಯಾಗ್‌ನ ಹಳದಿ ಕಪ್ಲರ್ ಹತ್ತಿರ ಬಲ್ಬೂ ಬೇಡ, ಮಲ್ಟಿಮೀಟರೂ ಬೇಡ.

ಇನ್ನೊಂದು ಎಚ್ಚರಿಕೆ: ಮಲ್ಟಿಮೀಟರಿನ ದಪ್ಪ ಮುಳ್ಳನ್ನು ಹೆಣ್ಣು ಪಿನ್ ಒಳಗೆ ತುರುಕಬೇಡಿ. ಪಿನ್ ಅಗಲವಾಗಿ ಹಿಡಿತ ಹೋಗುತ್ತದೆ. ಮೊದಲು ಇಲ್ಲದ ದೋಷ ಎರಡು ತಿಂಗಳ ನಂತರ ಶುರುವಾಗುತ್ತದೆ, ಅದನ್ನು ಹಿಡಿಯುವುದು ಮೊದಲಿನದಕ್ಕಿಂತ ಕಷ್ಟ. ಅದೇ ಅಳತೆಯ ಗಂಡು ಪಿನ್ ಒಂದನ್ನು ವೈರಿಗೆ ಕ್ರಿಂಪ್ ಮಾಡಿಟ್ಟುಕೊಂಡರೆ ಅಳೆಯಲೂ ಆಗುತ್ತದೆ, ಹಿಡಿತ ನೋಡಲೂ ಆಗುತ್ತದೆ.

ಬ್ಯಾಟರಿ ಪಾಸಿಟಿವ್ ಮೇಲೆ ಬೋಲ್ಟ್ ಹಾಕಿ ಕೂರಿಸಿದ ದೊಡ್ಡ ಫ್ಯೂಸ್‌ಗಳ ನಟ್ ಸಡಿಲವಾಗುವುದು ಬ್ಯಾಟರಿ ಬದಲಿಸಿದ ಮೇಲೆ ಸಾಮಾನ್ಯ. ಫ್ಯೂಸ್ ಸುಟ್ಟಿರುವುದಿಲ್ಲ, ಅದರ ಬುಡದ ಪ್ಲಾಸ್ಟಿಕ್ ಮಾತ್ರ ಕಂದಿರುತ್ತದೆ. ಗುಂಡಿಗೆ ಇಳಿದಾಗ ಎಲ್ಲ ಕತ್ತಲು, ಮರುಗಳಿಗೆ ಎಲ್ಲ ಸರಿ ಎನ್ನುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಕ್ಲ್ಯಾಂಪನ್ನು ಕೈಯಲ್ಲಿ ತಿರುಗಿಸಿದರೆ ಕೂದಲೆಳೆಯಷ್ಟೂ ಅಲುಗಬಾರದು.

ಸಪ್ಲೈ, ಅರ್ತ್ ಎರಡೂ ಸರಿಯಿದ್ದರೆ ಕ್ಯಾನ್ ಲೈನ್‌ಗೆ ಬರುತ್ತೇನೆ. ಕೋಡ್ ಬರೆದುಕೊಂಡಾದ ಮೇಲೆ ಬ್ಯಾಟರಿ ಕಳಚಿ, ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಬೇಕು. ಲೈನಿನ ಎರಡೂ ತುದಿಗಳಲ್ಲಿ 120 ಓಮ್‌ನ ರೆಸಿಸ್ಟರ್ ಇರುವುದರಿಂದ 60 ಸಿಗಬೇಕು. 120 ಸಿಕ್ಕರೆ ಒಂದು ಕಡೆ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಕೆಲವು ಗಾಡಿಗಳಲ್ಲಿ ಸಾಕೆಟ್ ಹಿಂದೆ, ಒಳಗಿನ ಲೈನನ್ನು ಬೇರೆ ಮಾಡುವ ಗೇಟ್‌ವೇ ಮಾಡ್ಯೂಲ್ ಇರುತ್ತದೆ. ಆಗ ಈ ಅಳತೆ ಒಳಗಿನ ಲೈನಿನದ್ದಲ್ಲ, ಗೇಟ್‌ವೇ ಕಪ್ಲರ್‌ನಲ್ಲೇ ಅಳೆಯಬೇಕು. ಸಾಕೆಟ್‌ಗೆ ಸದಾ ಚುಚ್ಚಿಟ್ಟ ಟ್ರ್ಯಾಕರ್ ಏನಾದರೂ ಇದ್ದರೆ ಅದನ್ನು ಮೊದಲು ತೆಗೆದಿಡಿ.

ಮೂರ್ನಾಲ್ಕು ಸೆನ್ಸರ್‌ಗಳ ಕೋಡ್ ಒಟ್ಟಿಗೆ, ಅದರ ಜತೆ ಪಿ0641 ಅಥವಾ ಪಿ0651 ಬಂದಿದ್ದರೆ ಸೆನ್ಸರ್‌ಗಳಿಗೆ ಇಸಿಎಂ ಕೊಡುವ 5 ವೋಲ್ಟ್ ರೆಫರೆನ್ಸ್ ಬಹಳ ಸಲ ಎಲ್ಲೋ ಅರ್ತ್‌ಗೆ ತಾಗಿರುತ್ತದೆ. ಆ ಲೈನ್ ಹಂಚಿಕೊಂಡ ಸೆನ್ಸರ್‌ಗಳನ್ನು ಒಂದೊಂದೇ ಕಳಚುತ್ತ ಬಂದರೆ, ಯಾವುದನ್ನು ಕಳಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ. ಎಲ್ಲ ಕಳಚಿದರೂ ಬರದಿದ್ದರೆ ವೈರಿಂಗ್ ಉಜ್ಜಿದೆ. ಎಂಜಿನ್ ಬಿಸಿಯಾದಾಗ ನಿಂತು, ಆರಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ ನೋಡಿ. ನಿಂತಾಗಲೇ ಸೆಲ್ಫ್ ಹೊಡೆಯುತ್ತ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿದರೆ ಸೊನ್ನೆ ತೋರಿಸುತ್ತದೆ.

ಮಳೆಯಲ್ಲಿ ಬರುವ ದೋಷಕ್ಕೆ ವೈಪರ್ ಕೆಳಗಿನ ನೀರು ಹೋಗುವ ತೂತು, ಸನ್‌ರೂಫ್‌ನ ಪೈಪು, ಮುಂಗಾಜಿನ ಅಂಟು ಈ ಮೂರನ್ನೂ ನೋಡಬೇಕು. ಎಲೆ ತುಂಬಿ ತೂತು ಕಟ್ಟಿದರೆ ನೀರು ಡ್ಯಾಶ್‌ಬೋರ್ಡ್ ಕೆಳಗಿನ ಬಾಡಿ ಮಾಡ್ಯೂಲ್ ಮೇಲೆ ಇಳಿಯುತ್ತದೆ. ಕಾರ್ಪೆಟ್ ಮೇಲೆ ಒಣಗಿದ್ದರೂ ಎತ್ತಿ ಕೆಳಗಿನ ಫೋಮ್ ಹಿಂಡಿ ನೋಡಿ.

ಕೀ ತಿರುಗಿಸುವ ಗಾಡಿಗಳಲ್ಲಿ ಕೀ ಗೊಂಚಲಿನ ಭಾರವೂ ಒಂದು ಕಾರಣ. 2014ರಲ್ಲಿ ಜನರಲ್ ಮೋಟಾರ್ಸ್ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿಕೊಂಡಿದ್ದು ಇದಕ್ಕೇ. ಇಗ್ನಿಷನ್ ಸ್ವಿಚ್‌ನ ಹಿಡಿತ ಸಾಲದೆ, ಓಡುವಾಗಲೇ ಕೀ ‘ರನ್’ನಿಂದ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ಕೂಡ ಕೆಲಸ ಮಾಡುತ್ತಿರಲಿಲ್ಲ. ಜೀವಗಳು ಹೋದವು. ಗೊಂಚಲು ಬೇಡ, ಕೀ ಒಂದೇ ಇರಲಿ.

ಎಲೆಕ್ಟ್ರಿಕ್ ಕಾರಿನಲ್ಲಿ ಆಲ್ಟರ್ನೇಟರ್ ಇಲ್ಲ. ದೊಡ್ಡ ಬ್ಯಾಟರಿಯಿಂದ ಡಿಸಿ-ಡಿಸಿ ಕನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿ ಚಾರ್ಜ್ ಆಗುತ್ತದೆ. ಆ ಕನ್ವರ್ಟರ್ ನಿಂತರೆ 12 ವೋಲ್ಟ್ ಇಳಿಯುತ್ತ ಹೋಗಿ, ಕೊನೆಗೆ ದೊಡ್ಡ ಬ್ಯಾಟರಿಯನ್ನು ಜೋಡಿಸುವ ಕಾಂಟ್ಯಾಕ್ಟರ್ ಸ್ವಿಚ್‌ಗಳು ಬಿಟ್ಟುಕೊಂಡು, ಆ ಬ್ಯಾಟರಿ ತುಂಬಿದ್ದರೂ ಗಾಡಿ ನಿಲ್ಲುತ್ತದೆ. 2024ರಲ್ಲಿ ಹ್ಯುಂಡೈ ಮತ್ತು ಕಿಯಾ ಎಲೆಕ್ಟ್ರಿಕ್ ಕಾರುಗಳನ್ನು ಐಸಿಸಿಯು ಎಂಬ ಚಾರ್ಜಿಂಗ್ ಘಟಕಕ್ಕಾಗಿ ವಾಪಸ್ ಕರೆಸಿದ್ದು ಇದೇ ದೋಷಕ್ಕೆ. ಇಲ್ಲಿ ನಾನು ಮುಟ್ಟುವುದು 12 ವೋಲ್ಟ್ ಕಡೆಯನ್ನು ಮಾತ್ರ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗೆ ತರಬೇತಿ ಇಲ್ಲದವರು ಕೈ ಹಾಕಲೇಬಾರದು.

ರಸ್ತೆಯಲ್ಲೇ ಹೀಗಾದರೆ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಬೀಳುತ್ತದೆ. ಹಜಾರ್ಡ್ ದೀಪ ಹಾಕಿ, ನ್ಯೂಟ್ರಲ್ ಮಾಡಿ. ಸ್ಟೀರಿಂಗ್ ಬಿಗಿಯಾದರೂ ತಿರುಗುತ್ತದೆ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿಯಿರಿ. ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಸಲಕ್ಕಾಗುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತದೆ. ತುಳಿದು ಬಿಟ್ಟು ಮಾಡದೆ ಒಂದೇ ಸಲ ಒತ್ತಿ ಹಿಡಿದು, ಬದಿಗೆ ಬಂದು ನಿಲ್ಲಿಸಿ.

ದುರಸ್ತಿಯಲ್ಲಿ ಅವಸರ ಬೇಡ. ಅರ್ತ್ ಬೋಲ್ಟ್ ಬಿಚ್ಚಿ, ವೈರ್ ತುದಿಯ ಲಗ್‌ನ ಎರಡೂ ಬದಿ ಮತ್ತು ಬಾಡಿಯ ಬಣ್ಣವನ್ನು ಎಮರಿ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಹಚ್ಚುತ್ತೇನೆ. ಕಿಲುಬು ವೈರಿನೊಳಗೆ ಓಡಿರುತ್ತದೆ, ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಬೇಕು. ಕ್ಯಾನ್ ಜೋಡಿಯನ್ನು ಸೇರಿಸುವಾಗ ಹುರಿ ಬಿಚ್ಚಿದ ಭಾಗ 50 ಮಿಲಿಮೀಟರ್ ದಾಟದಂತೆ ನೋಡಿಕೊಂಡು, ಎರಡು ಜೋಡಣೆಗಳನ್ನು ಅಕ್ಕಪಕ್ಕ ಬಾರದಂತೆ ಹಿಂದೆಮುಂದೆ ಮಾಡುತ್ತೇನೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು 15ರ ಜಾಗದಲ್ಲಿ 30 ಹಾಕಿರುವುದು ಕಂಡರೆ ಗಾಡಿಯನ್ನು ಹಾಗೇ ಕಳಿಸುವುದಿಲ್ಲ. ಮುಂದೆ ಸುಡುವುದು ವೈರ್.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಮಲ್ಟಿಮೀಟರನ್ನು ಮಿನ್-ಮ್ಯಾಕ್ಸ್‌ಗೆ ಹಾಕಿ ಬ್ಯಾಟರಿ ನೆಗೆಟಿವ್‌ಗೂ ಮಾಡ್ಯೂಲ್ ಅರ್ತ್‌ಗೂ ಕಟ್ಟಿ, ಎಸಿ, ಫ್ಯಾನ್, ಹೆಡ್‌ಲೈಟ್ ಎಲ್ಲ ಆನ್ ಮಾಡಿ, ದೋಷ ಬಂದಂಥದ್ದೇ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸುತ್ತೇನೆ. ಅತಿ ಹೆಚ್ಚು ಬಂದ ಅಂಕಿ, 0.06 ವೋಲ್ಟ್ ಎನ್ನಿ, ಅದನ್ನು ಜಾಬ್ ಕಾರ್ಡ್ ಮೇಲೆ ತಾರೀಖಿನ ಜತೆ ಬರೆದಿಡುತ್ತೇನೆ. ಅದೇ ಗಾಡಿ ಮತ್ತೆ ಬಂದರೆ ಮೊದಲು ಅಳೆಯುವುದು ಅದೇ ಎರಡು ಜಾಗಗಳ ನಡುವೆ.